ಗವರ್ನರನ ಕಲ್ಲು, ನನ್ನ ಸಹಿ

ಅಮೆರಿಕದ ಪಶ್ಚಿಮ ಕರಾವಳಿಯ ನೆವಾರ್ಕಿನಿಂದ ಸ್ವಲ್ಪ ಆಚೆಗೆ, ಕೊಲ್ಲಿಯ ಕಡೆಗೆ ಹೋಗುವ ಹಳೆಯ ರಸ್ತೆಯ ಬದಿಯಲ್ಲಿ ನಾಲ್ಕು ಕಲ್ಲುಗಳಿದ್ದವು. ಸೊಂಟದೆತ್ತರದ ಗ್ರಾನೈಟ್ ಕಲ್ಲು, ಅದರ ಎದೆಗೆ ಬಡಿದ ಕಂಚಿನ ಫಲಕ. ನಾಲ್ಕೂ ಒಬ್ಬನೇ ಮನುಷ್ಯನ ನೆನಪಿನವು. ಹತ್ತೊಂಬತ್ತನೇ ಶತಮಾನದಲ್ಲಿ ಆ ರಾಜ್ಯದ ಗವರ್ನರ್ ಆಗಿದ್ದವನು. ಇಲ್ಲಿ ಮರದ ಕೆಳಗೆ ನಿಂತು ಭಾಷಣ ಮಾಡಿದ, ಇಲ್ಲಿ ಅವನ ಸಾರೋಟು ನಿಲ್ಲುತ್ತಿತ್ತು, ಇಲ್ಲಿ ಶಾಲೆ ಕಟ್ಟಲು ಜಾಗ ಬಿಟ್ಟುಕೊಟ್ಟ, ಇಲ್ಲಿ ಅವನ ಮನೆಯಿತ್ತು ಎಂದು ಒಂದೊಂದು ಫಲಕ ಒಂದೊಂದು ಹೇಳುತ್ತಿತ್ತು. ಆ ನಾಲ್ಕನೆಯ ಕಲ್ಲಿನ ವಿಚಾರದಲ್ಲಿ ನಾನು ಒಂದು ಕಾಗದಕ್ಕೆ ಸಹಿ ಹಾಕಲಿಲ್ಲ. ಹಾಕು ಎಂದವರು ಹಲವರು, ನನ್ನ ಗಂಡನೂ ಸೇರಿ.

ಆಗ ನಾನು ಕೌಂಟಿಯ, ಅಂದರೆ ಅಲ್ಲಿಯ ಜಿಲ್ಲೆಯ, ರಸ್ತೆ ಇಲಾಖೆಯ ಸರ್ವೆ ವಿಭಾಗದಲ್ಲಿದ್ದೆ. ಡಾಟ್‌ಕಾಮ್ ಭರಾಟೆಯ ವರ್ಷಗಳು. ನಮ್ಮ ಕನ್ನಡದವರ ಮನೆಯ ಊಟಕ್ಕೆ ಹೋದರೆ ಮೊದಲು ಕೇಳುತ್ತಿದ್ದದ್ದು ಹೆಸರಲ್ಲ, "ಯಾವ ಕಂಪನಿ?" ಎಂದು. ನಾನು ರಸ್ತೆ ಇಲಾಖೆ ಎಂದರೆ ಯಾರಾದರೂ ಕರುಣೆಯಿಂದ, "ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸು ಮಾಡ್ಕೊಳ್ರೀ, ಮೂರೇ ತಿಂಗಳು. ಯಾರು ಬೇಕಾದ್ರೂ ಮಾಡಬಹುದು" ಎನ್ನುತ್ತಿದ್ದರು. ಯಾರು ಬೇಕಾದರೂ ಮಾಡಬಹುದಾದ ಕೆಲಸ ನನಗೇಕೆ ಬೇಕು ಎಂದು ನಾನು ಬಾಯಿಬಿಟ್ಟೇ ಹೇಳುತ್ತಿದ್ದೆ. ನನ್ನ ಗಂಡ ತಟ್ಟೆ ನೋಡುತ್ತ ಕೂರುತ್ತಿದ್ದರು.

ಸಿವಿಲ್ ಓದಿದವಳು ನಾನು. ಮದುವೆಗೆ ಮುಂಚೆ ತುಮಕೂರಿನ ಕಡೆ ಪಿಡಬ್ಲ್ಯುಡಿಯಲ್ಲಿ ನಾಲ್ಕು ವರ್ಷ ಜೂನಿಯರ್ ಎಂಜಿನಿಯರ್ ಆಗಿದ್ದೆ. ಬಿಸಿಲಲ್ಲಿ ನಿಂತು ಅಳೆಯುವುದು ನನಗೆ ಇಷ್ಟ. ಅಮೆರಿಕಕ್ಕೆ ಬಂದು ಗ್ರೀನ್ ಕಾರ್ಡು ಕೈಗೆ ಸಿಗುವವರೆಗೆ ಮನೆಯಲ್ಲಿ ಕೂತೆ. ಸಿಕ್ಕ ತಿಂಗಳಲ್ಲೇ ಕೌಂಟಿಗೆ ಅರ್ಜಿ ಹಾಕಿದೆ.

ಆ ವರ್ಷ ಹೂಕೋಸು ಬೆಳೆಯುತ್ತಿದ್ದ ಹೊಲಗಳಲ್ಲೆಲ್ಲ ಗಾಜಿನ ಆಫೀಸುಗಳು ಎದ್ದವು. ಅವುಗಳಿಗಾಗಿ ಆ ಹಳೆಯ ರಸ್ತೆಯನ್ನು ಅಗಲ ಮಾಡಬೇಕಿತ್ತು. ರಸ್ತೆಬದಿಯ ಕಂಬ, ಮರ, ಫಲಕಗಳನ್ನೆಲ್ಲ ಪಟ್ಟಿ ಮಾಡುವ ಕೆಲಸ ನನಗೂ ನಮ್ಮ ಹಿರಿಯ ಸರ್ವೆಯರ್‌ಗೂ ಬಂತು. ಆ ಹಿರಿಯರು ಪೋರ್ಚುಗೀಸ್ ಮನೆತನದವರು, ಅದೇ ಸುತ್ತಲಲ್ಲಿ ಹುಟ್ಟಿ ಬೆಳೆದವರು. ನಿವೃತ್ತಿಗೆ ಇನ್ನು ಎರಡು ವರ್ಷವಿತ್ತು. ನಾಲ್ಕೂ ಕಲ್ಲುಗಳ ಸುತ್ತ ಮುಳ್ಳುಗಿಡ ಬೆಳೆದಿತ್ತು, ಬಿಯರ್ ಡಬ್ಬಿಗಳು ಬಿದ್ದಿದ್ದವು. ನಾನು ಬ್ರಷ್ಷಿನಿಂದ ಫಲಕ ಉಜ್ಜಿ ಓದುತ್ತಿದ್ದರೆ ಅವರು ವ್ಯಾನಿಗೆ ಒರಗಿ ನಿಂತು ನಗುತ್ತಿದ್ದರು.

"ನಮ್ಮಜ್ಜಿ ಈ ಕಲ್ಲು ಕಂಡರೆ ಉಗಿಯುತ್ತಿದ್ದಳು" ಎಂದರು ಒಮ್ಮೆ.

"ಯಾಕೆ?"

"ಲೈಬ್ರರಿಗೆ ಹೋಗಿ ಓದು. ನಾನು ಹೇಳಿದರೆ ಅಜ್ಜಿಕತೆ ಅಂತೀಯ."

ಹೋದೆ. ಹಳೆಯ ಪತ್ರಿಕೆಗಳ ಫಿಲ್ಮು ಸುರುಳಿಗಳನ್ನು ಯಂತ್ರಕ್ಕೆ ಹಾಕಿ ಎರಡು ಶನಿವಾರ ಓದಿದೆ. ಕೊಲ್ಲಿಯ ಉಪ್ಪುನೀರು ನುಗ್ಗದಂತೆ ಗವರ್ನರನ ಜಮೀನಿಗೆ ಮೈಲಿಗಟ್ಟಲೆ ಏರಿ ಕಟ್ಟಿದವರು ಚೀನಾದಿಂದ ಬಂದ ಕೂಲಿಗಳು. ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಮಣ್ಣು ಹೊತ್ತು ಹಾಕಿದವರು. ಏರಿ ಮುಗಿದ ಮೇಲೆ ಅವನು ಚುನಾವಣೆಗೆ ನಿಂತದ್ದು ಅದೇ ಜನರನ್ನು ನಾಡಿನಿಂದ ಓಡಿಸಬೇಕೆಂದು ಊರೂರಿನಲ್ಲಿ ಭಾಷಣ ಮಾಡುತ್ತ. ಮರದ ಕೆಳಗಿನ ಭಾಷಣವೂ ಅದೇ. ಫಲಕದಲ್ಲಿ ಭಾಷಣ ಮಾಡಿದ ಎಂದಿದೆಯೇ ಹೊರತು ಏನೆಂದು ಮಾಡಿದ ಎಂದಿಲ್ಲ. ಆ ದಿನದಿಂದ ನನಗೂ ಆ ಮನುಷ್ಯನನ್ನು ಕಂಡರೆ ಆಗದು.

ಮೊದಲ ಮೂರು ಕಲ್ಲುಗಳಿಗೆ ತೊಂದರೆ ಇರಲಿಲ್ಲ, ಹೊಸ ರಸ್ತೆಯ ಅಂಚಿಗೆ ಸಿಗುತ್ತಿರಲಿಲ್ಲ. ನಾಲ್ಕನೆಯದು, ಮನೆಯಿತ್ತು ಎನ್ನುವ ಕಲ್ಲು, ಹೊಸ ಲೇನಿನ ನಟ್ಟನಡುವೆ ಬರುತ್ತಿತ್ತು. ಅದನ್ನು ಎತ್ತಲೇಬೇಕು. ಹತ್ತು ಹೆಜ್ಜೆ ಹಿಂದಕ್ಕೆ ಇಟ್ಟರಾಯಿತು ಎಂದು ನಾನು ಬರೆದಿದ್ದೆ.

ಒಂದು ಬೆಳಿಗ್ಗೆ ನಮ್ಮ ಸೂಪರ್‌ವೈಸರ್ ಕರೆದ. ಅವನ ಎದುರು ಟೀ ಶರ್ಟು ಹಾಕಿದ ಒಬ್ಬ ತರುಣ ಕೂತಿದ್ದ. ಆ ರಸ್ತೆಯ ಇನ್ನೊಂದು ತುದಿಯಲ್ಲಿ, ಅರ್ಧ ಮೈಲಿ ದೂರದಲ್ಲಿ, ಹೊಸದಾಗಿ ಕಟ್ಟುತ್ತಿದ್ದ ಒಂದು ಕಂಪನಿಯ ಕ್ಯಾಂಪಸ್ಸಿನ ಉಸ್ತುವಾರಿ ಅವನದು. ನನ್ನ ಗಂಡ ಕೆಲಸ ಮಾಡುತ್ತಿದ್ದದ್ದು ಅದೇ ಕಂಪನಿಯಲ್ಲಿ. ಆ ತರುಣನಿಗೆ ಅದು ಗೊತ್ತಿರಲಿಲ್ಲ, ನಾನು ಹೇಳಲೂ ಇಲ್ಲ.

"ಆ ಕಲ್ಲನ್ನ ನಮ್ಮ ಮುಖ್ಯ ಗೇಟಿನ ಹತ್ತಿರ ನಿಲ್ಲಿಸಬೇಕು ಅಂತ ನಮ್ಮಾಸೆ" ಎಂದ ತರುಣ. "ಸುತ್ತ ಹುಲ್ಲು, ಹೂವು, ದೀಪ ಎಲ್ಲಾ ನಾವೇ ಮಾಡಿಸ್ತೀವಿ. ಮುಳ್ಳಿನ ನಡುವೆ ಬಿದ್ದಿರೋದಕ್ಕಿಂತ ಒಳ್ಳೇದಲ್ವಾ?"

"ಗವರ್ನರನ ಮನೆ ಅಲ್ಲಿಂದ ಅರ್ಧ ಮೈಲಿ ದೂರದಲ್ಲಿತ್ತು ಅಂತ ಹೊಸ ಫಲಕ ಬರೆಸ್ತೀರಾ?" ಎಂದೆ.

ಅವನು ಬಣ್ಣದ ಕಾಗದವೊಂದನ್ನು ಮೇಜಿನ ಮೇಲೆ ಬಿಡಿಸಿದ. ಕ್ಯಾಂಪಸ್ಸಿನ ಚಿತ್ರದ ಕೆಳಗೆ, ಗವರ್ನರನ ಮನೆಯಿದ್ದ ಐತಿಹಾಸಿಕ ಸ್ಥಳ ಎಂದು ಆಗಲೇ ಅಚ್ಚಾಗಿತ್ತು.

ಅವನು ಹೋದ ಮೇಲೆ ಸೂಪರ್‌ವೈಸರ್ ನನ್ನ ಮುಂದೆ ಒಂದು ಪುಟದ ಫಾರಂ ಇಟ್ಟ. ಸ್ಥಳಾಂತರದ ದಾಖಲೆ. ಅದರ ಕೊನೆಯ ಸಾಲಿನಲ್ಲಿ, ಫಲಕದಲ್ಲಿ ಹೇಳಿದ ಜಾಗವೂ ಕಲ್ಲು ನಿಲ್ಲುವ ಜಾಗವೂ ಒಂದೇ ಎಂದು ತಾನು ಅಳೆದು ನೋಡಿರುವುದಾಗಿ ಸರ್ವೆ ಮಾಡಿದವರು ಸಹಿ ಹಾಕಬೇಕು.

"ಇದು ನಿಜ ಅಲ್ಲ" ಎಂದೆ.

"ಸತ್ತು ನೂರು ವರ್ಷ ಆದವನ ಮನೆ. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗಿದೆಯಲ್ಲ."

ಅವನು ಕೆಟ್ಟವನಲ್ಲ. ಕೆಲಸ ಬೇಗ ಮುಗಿಯಲಿ ಎನ್ನುವ ಜಾತಿ. ತಲೆ ಕೆರೆದುಕೊಂಡು, "ಸರಿ, ಮನೆ ನಿಜವಾಗಿ ಎಲ್ಲಿತ್ತು ಅಂತ ದಾಖಲೆ ಹುಡುಕು. ಗೇಟಿನ ಹತ್ತಿರವೇ ಇತ್ತೋ ಏನೋ. ಆಗ ನಿನಗೂ ಸಮಾಧಾನ, ನನಗೂ ಸಮಾಧಾನ" ಎಂದ.

ಇಲ್ಲಿ ಒಂದು ಮಾತು ಹೇಳಬೇಕು. ನಾನು ಹುಟ್ಟಾ ಹರಿಶ್ಚಂದ್ರನ ಮನೆತನದವಳಲ್ಲ. ಇಪ್ಪತ್ಮೂರನೇ ವಯಸ್ಸಿನಲ್ಲಿ ಇಂಥದೇ ಒಂದು ಸಹಿ ಹಾಕಿದ್ದೆ. ತುಮಕೂರಿನ ಕಡೆಯ ಒಂದು ಊರಿನಲ್ಲಿ ರಸ್ತೆ ಅಗಲ ಮಾಡುವಾಗ ಉಳ್ಳವರೊಬ್ಬರ ಕಾಂಪೌಂಡು ಅಡ್ಡ ಬಂತು. ನನ್ನ ಮೇಲಿನ ಎಇಇ ಸಾಹೇಬರು ಅಳತೆ ದಾಖಲಿಸುವ ಎಂ.ಬಿ. ಪುಸ್ತಕ ನನ್ನ ಮುಂದಿಟ್ಟು, "ರಸ್ತೆಯ ನಡುಗೆರೆ ಆರಡಿ ಆ ಕಡೆ ಬರೆದುಬಿಡಮ್ಮ" ಎಂದರು. ಬರೆದೆ. ಆ ಆರಡಿ ಎದುರು ಮನೆಯ ಒಬ್ಬ ವಿಧವೆಯ ಜಗಲಿಯನ್ನು ನುಂಗಿತು. ಕೆಡವುವ ದಿನ ಆಕೆ ಕೂಗಾಡಲಿಲ್ಲ. ನನ್ನ ಹತ್ತಿರ ಬಂದು, "ಅಳೆದೋಳು ನೀನೇನಾ ಕಣವ್ವ?" ಎಂದು ಮಾತ್ರ ಕೇಳಿದಳು. ತಲೆ ತಗ್ಗಿಸಿ ಜೀಪು ಹತ್ತಿದೆ. ಆಮೇಲೆ ಎಷ್ಟೋ ಸಲ ಅದೇ ಪ್ರಶ್ನೆಗೆ ಮನಸ್ಸಿನಲ್ಲೇ ಉತ್ತರ ಕೊಟ್ಟಿದ್ದೇನೆ. ಕೊಟ್ಟದ್ದೇನು ಬಂತು? ಜಗಲಿ ಹೋಗಿತ್ತು.

ಹಾಗಾಗಿ ಓಕ್ಲ್ಯಾಂಡಿಗೆ ಹೋದೆ, ಹಿರಿಯರನ್ನೂ ಕರೆದುಕೊಂಡು. ಕೌಂಟಿ ಕಚೇರಿಯ ನೆಲಮಾಳಿಗೆಯಲ್ಲಿ ಬಟ್ಟೆಗೆ ಅಂಟಿಸಿದ ಹಳೆಯ ನಕಾಶೆಗಳಿದ್ದವು. ಮೂರನೇ ದಿನ ಗವರ್ನರನ ಜಮೀನಿನದು ಸಿಕ್ಕಿತು. ಮನೆ, ಕುದುರೆ ಲಾಯ, ಬಾವಿ ಎಲ್ಲವನ್ನೂ ಗುರುತು ಮಾಡಿ, ಮೂಲೆಯ ಗಡಿಕಲ್ಲಿನಿಂದ ಮನೆಗೂ ಬಾವಿಗೂ ಎಷ್ಟು ಸರಪಳಿ ದೂರ ಎಂದು ಬರೆದಿದ್ದರು.

"ಸರಪಳಿ ಅಂದ್ರೆ ಗೊತ್ತಾ ನಿನಗೆ? ಈಗಿನವರಿಗೆ ಗೊತ್ತಿಲ್ಲ" ಎಂದರು ಹಿರಿಯರು.

"ನಮ್ಮೂರಲ್ಲೂ ಸರಪಳಿಯಲ್ಲೇ ಜಮೀನು ಅಳೀತಿದ್ದದ್ದು. ನಿಮ್ಮದು ಅರವತ್ತಾರು ಅಡಿ, ನಮ್ಮದು ಅದರಲ್ಲಿ ಅರ್ಧ, ಮೂವತ್ಮೂರು. ಅದರಲ್ಲಿ ಹದಿನಾರು ಆಣೆ."

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಆ ದಿನ ಊಟದ ಹೊತ್ತಿಗೆ ತಮ್ಮ ಸ್ಯಾಂಡ್‌ವಿಚ್ಚಿನಲ್ಲಿ ಅರ್ಧ ಮುರಿದು ಕೊಡಲು ಬಂದು, ನಾನು ಮಾಂಸ ತಿನ್ನುವುದಿಲ್ಲವೆಂದು ನೆನಪಾಗಿ, ಒಳಗಿದ್ದ ಟೊಮೇಟೊ ಮಾತ್ರ ತೆಗೆದುಕೊಟ್ಟರು.

ಮಾರನೆಯ ದಿನ ಗಡಿಕಲ್ಲಿನಿಂದ ಅಳೆಯುತ್ತ ಹೊರಟೆವು. ಅಳತೆ ನಮ್ಮನ್ನು ಗೇಟಿನ ಕಡೆಗೆ ಒಯ್ಯಲಿಲ್ಲ. ಕಲ್ಲು ನಿಂತಿದ್ದ ಜಾಗಕ್ಕೂ ಒಯ್ಯಲಿಲ್ಲ! ರಸ್ತೆ ದಾಟಿಸಿ, ತಂತಿಬೇಲಿ ದಾಟಿಸಿ, ಒಂದು ಟ್ರೈಲರ್ ಪಾರ್ಕಿನೊಳಕ್ಕೆ ಒಯ್ದಿತು. ತಗಡಿನ ಗೋಡೆಯ, ಒಂದು ಕಾಲಕ್ಕೆ ಚಕ್ರದ ಮೇಲೆ ಬಂದು ನೆಲೆ ನಿಂತ ಮನೆಗಳ ಸಾಲು. ಹೂಕೋಸಿನ ಹೊಲಗಳಲ್ಲಿ ದುಡಿದ ಮೆಕ್ಸಿಕೋ ಮೂಲದ ಸಂಸಾರಗಳೇ ಹೆಚ್ಚು. ನಮ್ಮ ಲೆಕ್ಕದ ಪ್ರಕಾರ ಗವರ್ನರನ ಬಾವಿ ಒಬ್ಬ ಹೆಂಗಸಿನ ಹಿತ್ತಲಲ್ಲಿರಬೇಕಿತ್ತು.

ಆಕೆ ಬಟ್ಟೆ ಒಣಗಿಸುತ್ತಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳಿರಬಹುದು. ಹಿರಿಯರು ತಮಗೆ ಬರುವ ಸ್ಪ್ಯಾನಿಷ್‌ನಲ್ಲಿ ವಿಷಯ ಹೇಳಿದರು.

"ಬಾವಿಯಾ?" ಎಂದು ಆಕೆ ಇಂಗ್ಲಿಷಿನಲ್ಲೇ ಕೇಳಿ, ಸಾಲಾಗಿ ಹೂಕುಂಡ ಇಟ್ಟಿದ್ದ ಒಂದು ದುಂಡನೆಯ ಕಾಂಕ್ರೀಟು ಮುಚ್ಚಳ ತೋರಿಸಿದಳು. "ಇದರ ಮೇಲೆ ಮಕ್ಕಳನ್ನ ನಿಲ್ಲೋಕೆ ಬಿಡಲ್ಲ. ಬಿರುಕಿನೊಳಗೆ ಸಣ್ಣ ಕಲ್ಲು ಹಾಕಿದರೆ ತಡವಾಗಿ ಸದ್ದು ಬರುತ್ತೆ."

ಮೂವರೂ ಸೇರಿ ಕುಂಡಗಳನ್ನು ಸರಿಸಿದೆವು. ಮುಚ್ಚಳದ ಅಂಚಿನ ಮಣ್ಣು ಕೆದಕಿದರೆ ಕೆಂಪು ಇಟ್ಟಿಗೆಯ ಬಳೆ. ನಕಾಶೆಯ ಅಳತೆಗೂ ನಮ್ಮ ಅಳತೆಗೂ ಒಂದು ಗೇಣು ವ್ಯತ್ಯಾಸ. ಹಿರಿಯರು ಟೋಪಿ ತೆಗೆದು ನೆಲಕ್ಕೆ ಬಡಿದರು, ಸಂತೋಷಕ್ಕೆ.

ನಾನು ವರದಿ ಬರೆದೆ. ಮನೆಯಿದ್ದದ್ದು ಟ್ರೈಲರ್ ಪಾರ್ಕಿನಲ್ಲಿ. ಕಲ್ಲು ಈಗಿರುವ ಜಾಗವೂ ತಪ್ಪು. ಹಿಂದೆ ಯಾವಾಗಲೋ ರಸ್ತೆ ರಿಪೇರಿ ಮಾಡಿದವರು ಅನುಕೂಲ ಕಂಡಲ್ಲಿ ಅದನ್ನು ಇಟ್ಟಿರಬೇಕು.

ಸೂಪರ್‌ವೈಸರ್ ಓದಿ ಗೆದ್ದವನಂತೆ ನಕ್ಕ. "ನೀನೇ ಬರೆದಿದ್ದೀಯ ನೋಡು, ಈಗಿರೋದೂ ಸುಳ್ಳು ಜಾಗ. ಒಂದು ಸುಳ್ಳು ಜಾಗದಿಂದ ಇನ್ನೊಂದಕ್ಕೆ ಹೋದರೆ ಏನು ನಷ್ಟ?"

"ಅವರು ತಿಳೀದೆ ಇಟ್ಟರೋ ಏನೋ. ನಾವು ತಿಳಿದು ಇಡ್ತಿದ್ದೀವಿ. ಇಡೋದಾದ್ರೆ ಸರಿಯಾದ ಜಾಗದಲ್ಲಿ ಇಡಿ."

"ಟ್ರೈಲರ್ ಪಾರ್ಕಿನಲ್ಲಾ? ಗವರ್ನರನ ಕಲ್ಲನ್ನ?"

"ಅವನ ಮನೆ ಇದ್ದದ್ದೇ ಅಲ್ಲಿ. ನಾನೇನು ಮಾಡಲಿ?"

ಅವನ ನಗು ಹೋಯಿತು. ನಾನು ಇನ್ನೂ ಪ್ರೊಬೇಷನ್ನಿನಲ್ಲಿದ್ದೇನೆ ಎಂದು ಮೆಲ್ಲಗೆ ನೆನಪಿಸಿದ. ಶುಕ್ರವಾರದೊಳಗೆ ಫಾರಂ ಬೇಕೆಂದ.

ಮನೆಯಲ್ಲೂ ಅದೇ. ಸುದ್ದಿ ಕಂಪನಿಯ ತನಕ ಮುಟ್ಟಿ, ಅಲ್ಲಿಂದ ನನ್ನ ಗಂಡನ ಕಿವಿಗೆ ಬಿದ್ದಿತ್ತು. ಬೆಳಿಗ್ಗೆ ನಾನು ಚಿತ್ರಾನ್ನ ಡಬ್ಬಿಗೆ ಹಾಕುತ್ತಿದ್ದರೆ ಬಂದು ಪಕ್ಕದಲ್ಲಿ ನಿಂತರು.

"ಒಂದು ಕಲ್ಲು ಕಣೇ. ಬರೀ ಕಲ್ಲು. ಇನ್ನೆರಡು ತಿಂಗಳಲ್ಲಿ ನಾವೆಲ್ಲಾ ಆ ಕ್ಯಾಂಪಸ್ಸಿಗೆ ಹೋಗ್ತೀವಿ. ನಿನ್ನೆ ಮೀಟಿಂಗಲ್ಲಿ ಒಬ್ಬ ಕೇಳಿದ, ಕೌಂಟಿಯಲ್ಲಿ ಯಾರೋ ಇಂಡಿಯನ್ ಲೇಡಿ ತಕರಾರು ತೆಗೆದಿದ್ದಾಳಂತೆ, ನಿನಗೆ ಗೊತ್ತಾ ಅಂತ."

"ನೀವೇನಂದ್ರಿ?"

ಅವರು ಕಾರಿನ ಕೀ ಹುಡುಕತೊಡಗಿದರು.

"ಗೊತ್ತಿಲ್ಲ ಅಂದ್ರಾ?"

"ಏನನ್ನಲಿ ಮತ್ತೆ? ನನ್ನ ಹೆಂಡ್ತಿ ಅನ್ನಲಾ?"

"ಅನ್ನಬೇಕಿತ್ತು ರೀ."

ಡಬ್ಬಿ ಮುಚ್ಚಿ ಅವರ ಕೈಗೆ ಕೊಟ್ಟೆ. ತೆಗೆದುಕೊಳ್ಳದೆ ಹೋದರು. ಒಂದು ವಾರ ನಾವು ಹಾಲು, ಲಾಂಡ್ರಿ, ಗ್ರೋಸರಿ ಬಿಟ್ಟು ಬೇರೆ ಮಾತಾಡಲಿಲ್ಲ. ಅಳು ಬಂದದ್ದು ಸುಳ್ಳಲ್ಲ. ಆದರೆ ಶುಕ್ರವಾರ ಫಾರಮ್ಮನ್ನು ಖಾಲಿಯಾಗಿಯೇ ಸೂಪರ್‌ವೈಸರ್‌ನ ಮೇಜಿನ ಮೇಲಿಟ್ಟೆ, ನನ್ನ ವರದಿಯನ್ನು ಅದಕ್ಕೆ ಪಿನ್ ಮಾಡಿ. ಅವನು ಇನ್ನೊಬ್ಬರ ಕೈಯಲ್ಲಿ ಸಹಿ ಹಾಕಿಸಲು ನೋಡಿದ. ಉಳಿದಿದ್ದ ಸರ್ವೆಯರ್ ನಮ್ಮ ಹಿರಿಯರು ಒಬ್ಬರೇ. "ಅವಳು ಅಳೆದದ್ದು, ನಾನು ಕೋಲು ಹಿಡಿದದ್ದು" ಎಂದು ಅವರು ಪೆನ್ನನ್ನೇ ಮುಟ್ಟಲಿಲ್ಲ.

ಸರ್ವೆಯರ ಸಹಿ ಇಲ್ಲದ ಕಡತ ಕೌಂಟಿಯ ಮಂಡಳಿಯ ಮುಂದೆ ಹೋಗಬೇಕಾಯಿತು. ಸಾರ್ವಜನಿಕ ಸಭೆ. ಯಾರು ಬೇಕಾದರೂ ಚೀಟಿ ಬರೆದುಕೊಟ್ಟು ಮೂರು ನಿಮಿಷ ಮಾತಾಡಬಹುದು. ನಾನು ಅರ್ಧ ದಿನ ರಜೆ ಹಾಕಿ, ಸೀರೆ ಉಟ್ಟು ಓಕ್ಲ್ಯಾಂಡಿಗೆ ಹೋದೆ. ಸೀರೆ ಯಾಕೆಂದರೆ, ಇಂಡಿಯನ್ ಲೇಡಿ ಎಂದರಲ್ಲ, ದೂರದಿಂದಲೇ ಕಾಣಲಿ ಎಂದು.

ಕಂಪನಿಯ ತರುಣ ಹೂವು, ದೀಪ, ಹುಲ್ಲಿನ ಚಿತ್ರ ತೋರಿಸಿದ. ನನ್ನ ಸರದಿ ಬಂತು. ನನ್ನ ಇಂಗ್ಲಿಷಿನಲ್ಲಿ ಆಗಲೂ ಈಗಲೂ ತುಮಕೂರು ಇದೆ. ನಕಾಶೆ ಎತ್ತಿ ಹಿಡಿದು, ಎಲ್ಲಿಂದ ಅಳೆದೆವು, ಎಷ್ಟು ಸರಪಳಿ, ಬಾವಿ ಎಲ್ಲಿ ಸಿಕ್ಕಿತು ಎಂದು ಹೇಳಿದೆ. ನಡುವೆ ಮಂಡಳಿಯ ಒಬ್ಬ ಸದಸ್ಯೆ ಕನಿಕರದಿಂದಲೇ ಹೇಳಿದಳು, "ನಮ್ಮ ಗವರ್ನರ್ ಮೇಲೆ ನಿಮಗೆ ಇಷ್ಟು ಗೌರವ ಇರೋದು ನೋಡಿ ಸಂತೋಷ."

"ಗೌರವ ಇಲ್ಲ" ಎಂದೆ. "ನನಗೆ ಅವನು ಒಂಚೂರೂ ಇಷ್ಟ ಇಲ್ಲ. ತನ್ನ ಏರಿ ಕಟ್ಟಿದವರನ್ನೇ ಓಡಿಸಿ ಅಂತ ಭಾಷಣ ಮಾಡಿದವನು. ಅವನ ಕಲ್ಲನ್ನ ನೀವು ಎತ್ತಿ ಗೋಡೌನಿಗೆ ಹಾಕಿದರೂ ನಾನು ಅಳಲ್ಲ. ಆದ್ರೆ ನಿಲ್ಲಿಸೋದಾದ್ರೆ, ಇಲ್ಲಿ ಅಂತ ಬರೆದು ಇನ್ನೆಲ್ಲೋ ನಿಲ್ಲಿಸೋದಕ್ಕೆ ನನ್ನ ಕೈ ಕೇಳಬೇಡಿ. ಅಳೆದವಳು ನಾನು."

ಹಿಂದಿನ ಸಾಲಿನಲ್ಲಿ ಯಾರೋ ಗಟ್ಟಿಯಾಗಿ ನಕ್ಕರು. ತಿರುಗಿ ನೋಡಿದರೆ ಹಿರಿಯರು, ಅವರೂ ರಜೆ ಹಾಕಿ ಬಂದಿದ್ದರು. ಅವರಿಗಿಂತ ಎರಡು ಕುರ್ಚಿ ಆಚೆ ನನ್ನ ಗಂಡ ಕೂತಿದ್ದರು. ಕುತ್ತಿಗೆಯಲ್ಲಿ ಕಂಪನಿಯ ಬ್ಯಾಡ್ಜು ನೇತಾಡುತ್ತಿತ್ತು. ಯಾವಾಗ ಬಂದರೋ, ನಾನು ಕೇಳಲಿಲ್ಲ.

ಮಂಡಳಿ ತೀರ್ಮಾನ ಕೊಟ್ಟಿತು. ಗೇಟಿನ ಹತ್ತಿರ ಇಡುವುದಾದರೆ ಮನೆ ಅಲ್ಲಿರಲಿಲ್ಲ ಎಂದು ಫಲಕ ಬದಲಿಸಿ ಇಡಬೇಕು, ಇಲ್ಲವಾದರೆ ಇಲ್ಲ. ಮನೆ ಇರಲಿಲ್ಲ ಎನ್ನುವ ಕಲ್ಲು ಕಂಪನಿಗೆ ಯಾಕೆ ಬೇಕು? ಕೈಬಿಟ್ಟರು. ಕಲ್ಲು ನಮ್ಮ ಇಲಾಖೆಯ ಯಾರ್ಡಿಗೆ ಬಂದು ಕಿತ್ತಳೆ ಬಣ್ಣದ ಕೋನ್‌ಗಳ ನಡುವೆ ಮಲಗಿತು.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ತೆಗೆಯಲು ಕಾರಣ ಸಿಗಲಿಲ್ಲ. ಸರ್ವೆಯಿಂದ ಎತ್ತಿ ಪರ್ಮಿಟ್ ಕೌಂಟರಿಗೆ ಹಾಕಿದರು. ಬಿಸಿಲಿಲ್ಲದ, ಕಿಟಕಿಯಿಲ್ಲದ ಜಾಗ. ಬೇಸತ್ತು ಬಿಡಲಿ ಎಂದೇ ಹಾಕಿದ್ದು. ಬಿಡಲಿಲ್ಲ. ಊಟದ ಬಿಡುವಿನಲ್ಲಿ ಓದಿ ಸರ್ವೆಯರ್ ಲೈಸೆನ್ಸಿನ ಪರೀಕ್ಷೆ ಪಾಸು ಮಾಡಿ, ಅಳತೆಗೆ ಲೈಸೆನ್ಸಿನವರೇ ಬೇಕೆಂಬ ಕಾನೂನಿನ ಪ್ರಕಾರ ನನ್ನನ್ನು ಮತ್ತೆ ಹೊರಗೆ ಕಳಿಸಲೇಬೇಕಾದಂತೆ ಮಾಡಿದೆ.

ಅಷ್ಟರಲ್ಲಿ ಡಾಟ್‌ಕಾಮ್ ಗುಳ್ಳೆ ಒಡೆದಿತ್ತು. ಗಾಜಿನ ಕಟ್ಟಡಗಳ ಮುಂದೆ ಬಾಡಿಗೆಗಿದೆ ಎನ್ನುವ ಬೋರ್ಡುಗಳು ಬಂದವು. ನನ್ನ ಗಂಡ ಒಂದು ಮಧ್ಯಾಹ್ನ ಮೇಜಿನ ಸಾಮಾನನ್ನು ಡಬ್ಬದಲ್ಲಿ ಹಾಕಿಕೊಂಡು ಮನೆಗೆ ಬಂದರು. ಹೊಸ ಕೆಲಸ ಸಿಗುವವರೆಗಿನ ಹನ್ನೊಂದು ತಿಂಗಳು ನಮ್ಮ ಮನೆ ನಡೆದದ್ದು ರಸ್ತೆ ಇಲಾಖೆಯ ಸಂಬಳದಲ್ಲಿ. ಅದನ್ನು ನಾನು ಎತ್ತಿ ಆಡಲಿಲ್ಲ. ಅವರೇ ಒಂದು ದಿನ ಡಬ್ಬಿ ಕಟ್ಟಿಕೊಡುತ್ತ, "ಅವತ್ತು ನನ್ನ ಹೆಂಡ್ತಿ ಅಂತ ಹೇಳಬೇಕಿತ್ತು ಕಣೇ" ಎಂದರು. ಹೌದು ಎಂದೆ. ಅಷ್ಟಕ್ಕೆ ಬಿಟ್ಟೆ.

ಕಲ್ಲನ್ನು ನಿಲ್ಲಿಸಿದ್ದು ಅದರ ಮುಂದಿನ ವಸಂತದಲ್ಲಿ. ಯಾರ್ಡಿನಲ್ಲಿ ಜಾಗ ತೆರವು ಮಾಡಬೇಕೆಂದು ಇಲಾಖೆಯವರೇ ನನ್ನ ಹಳೆಯ ವರದಿ ಹುಡುಕಿ ತೆಗೆದರು. ಪಾರ್ಕಿನ ಮಾಲೀಕರು ಒಪ್ಪಿದರು. ಹಿರಿಯರು ಆಗಲೇ ನಿವೃತ್ತರಾಗಿದ್ದರೂ ನೋಡಲು ಬಂದು, ಮಡಚುವ ಕುರ್ಚಿ ಹಾಕಿಕೊಂಡು ಕೂತು, ಎಲ್ಲರಿಗೂ ಸಲಹೆ ಕೊಟ್ಟರು. ನೆಲ ಅಗೆದು, ಮಟ್ಟ ನೋಡಿ, ಬಾವಿಯ ಮುಚ್ಚಳದಿಂದ ಲೆಕ್ಕ ಹಾಕಿದ ಜಾಗದಲ್ಲೇ ಕಲ್ಲು ಇಳಿಸಿದೆವು. ದಾಖಲೆಗೆ ನಾನು ಸಹಿ ಹಾಕಿದೆ.

ಹಿತ್ತಲಲ್ಲಿ ಬಾವಿಯಿದ್ದ ಮನೆಯ ಹೆಂಗಸು ಕಾಫಿ ತಂದುಕೊಟ್ಟಳು. ಫಲಕವನ್ನು ಎರಡು ಸಲ ಓದಿದಳು.

"ಒಂದು ಕೇಳ್ತೀನಿ" ಎಂದಳು. "ಈ ಜಾಗದಲ್ಲಿ ದೊಡ್ಡ ಕಟ್ಟಡ ಬರುತ್ತೆ, ನಮ್ಮನ್ನ ಎಬ್ಬಿಸ್ತಾರೆ ಅಂತ ವರ್ಷಾ ವರ್ಷಾ ಹೇಳ್ತಾರೆ. ಈ ಕಲ್ಲು ಇದ್ದರೆ ಎಬ್ಬಿಸೋಕೆ ಆಗಲ್ಲ ತಾನೆ?"

ಆಗಲ್ಲ ಎಂದುಬಿಡಲು ನಾಲಿಗೆಯ ತುದಿಗೆ ಬಂದಿತ್ತು.

"ಇಲ್ಲ. ಕಲ್ಲಿಗೆ ಅಷ್ಟು ಶಕ್ತಿ ಇಲ್ಲ" ಎಂದೆ. "ಆದ್ರೆ ಎಬ್ಬಿಸೋಕೆ ಮುಂಚೆ ಸಭೆ ಕರೀಲೇಬೇಕು. ಅಲ್ಲಿ ನೀವು ಮಾತಾಡಬಹುದು."

"ನಾನಾ? ನಾನು ಇಲ್ಲಿಯ ಪ್ರಜೆ ಅಲ್ಲ."

"ನಾನೂ ಆಗಿರಲಿಲ್ಲ. ಯಾರೂ ಕೇಳಲ್ಲ. ಬಾಗಿಲ ಹತ್ತಿರ ಮೇಜಿನ ಮೇಲೆ ಚೀಟಿ ಇಟ್ಟಿರ್ತಾರೆ. ಹೆಸರು ಬರೆದುಕೊಟ್ಟರೆ ಮೂರು ನಿಮಿಷ ನಿಮ್ಮದು."

ಆಕೆ ಲೋಟ ಕೆಳಗಿಟ್ಟು ಒಳಗೆ ಹೋದಳು. ಪೆನ್ಸಿಲ್ಲೂ ಹಳೆಯ ಕ್ಯಾಲೆಂಡರಿನ ಒಂದು ಹಾಳೆಯೂ ಹಿಡಿದು ಬಂದಳು. ಯಾವ ಕಟ್ಟಡ, ಎಷ್ಟನೇ ಮಹಡಿ, ಯಾವ ಬಸ್ಸು, ಚೀಟಿ ಎಷ್ಟು ಗಂಟೆಯೊಳಗೆ ಕೊಡಬೇಕು ಎಂದು ಒಂದೊಂದಾಗಿ ಕೇಳಿ, ಕಲ್ಲಿನ ನೆತ್ತಿಯ ಮೇಲೆ ಹಾಳೆ ಇಟ್ಟುಕೊಂಡು ಬರೆದುಕೊಂಡಳು.